60 ದಿನದಲ್ಲಿ ಜಾಗ ಖಾಲಿ ಮಾಡಿ ಅಂದರೆ ಎಲ್ಲಿಗೆ ಹೋಗ್ತೀರಿ?

ಕಟಪಾಡಿ_ದಮ್ಮಾಮ್
ಎಲ್ಲರಿಗೂ ನಮಸ್ಕಾರ. ಇದು ಸುಮ್ನೆ ಹೊತ್ತು ಕಳೆಯಲು ಕೇಳುತ್ತಿರುವ ಪ್ರಶ್ನೆ ಅಲ್ಲ. ಸೌದಿಯಲ್ಲಿರುವ ನಮ್ಮ ಆಫೀಸಿನಲ್ಲಿ ಈ ತಿಂಗಳು ಇಬ್ಬರಿಗೆ ಫೈನಲ್ ಎಕ್ಸಿಟ್ ಆಯಿತು, ಅಂದರೆ ಕೆಲಸ ಮುಗಿದು ದೇಶ ಬಿಡಬೇಕು. ಒಬ್ಬರು ಕೇರಳದವರು, ಮಕ್ಕಳು ಹುಟ್ಟಿದ್ದೇ ಇಲ್ಲಿ. ಎಕ್ಸಿಟ್ ವೀಸಾ ಬಂದ ಮೇಲೆ ದೇಶ ಬಿಡಲು 60 ದಿನ. ಅಷ್ಟರೊಳಗೆ ಕಾರು ಮಾರಬೇಕು, ಬ್ಯಾಂಕ್ ಸಾಲ ತೀರಿಸಬೇಕು, ಶಾಲೆಯಿಂದ ಟಿಸಿ ತರಬೇಕು, ಮನೆ ಬಿಡಬೇಕು. ಅವರ ಸೋಫಾ ಸೆಟ್ ಈಗ ನಮ್ಮ ಹಾಲ್‌ನಲ್ಲಿದೆ. ಬೇಡ ಅಂದರೂ ಕೊಟ್ಟು ಹೋದರು.

ನನ್ನ ಕಥೆ ಹೀಗಿದೆ. ವಯಸ್ಸು 43, ಮೆಕ್ಯಾನಿಕಲ್ ಬಿಇ, ಆಯಿಲ್ ಆ್ಯಂಡ್ ಗ್ಯಾಸ್ ಪ್ರಾಜೆಕ್ಟ್‌ಗಳಲ್ಲಿ ಕ್ಯೂಸಿ (ಗುಣಮಟ್ಟ ಪರಿಶೀಲನೆ) ಕೆಲಸ. ಹೆಂಡತಿಗೆ 39, ಬಿಎಸ್ಸಿ ನರ್ಸಿಂಗ್, ಇಲ್ಲೇ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದಾಳೆ. ಮಗಳು 9ನೇ ಕ್ಲಾಸು, ಮಗ 4ನೇ ಕ್ಲಾಸು. 2024ರ ಜುಲೈನಲ್ಲಿ ಇಂಜಿನಿಯರಿಂಗ್ ಹುದ್ದೆಗಳಲ್ಲಿ 25% ಸೌದಿಯವರೇ ಇರಬೇಕು ಅನ್ನುವ ನಿಯಮ ಬಂತು. ಅದು ಮೇಲೆ ಹೋಗುತ್ತದೆಯೇ ಹೊರತು ಕೆಳಗೆ ಬರುವುದಿಲ್ಲ. ಇಬ್ಬರು ಮಕ್ಕಳಿಗೆ ತಲೆಗೆ 400 ರಿಯಾಲ್‌ನಂತೆ ತಿಂಗಳಿಗೆ 800 ರಿಯಾಲ್ ಲೆವಿ (ಜೊತೆಗಿರುವ ಕುಟುಂಬದವರ ಮೇಲಿನ ಸರ್ಕಾರಿ ಶುಲ್ಕ) ಬೇರೆ ಕಟ್ಟುತ್ತಿದ್ದೇನೆ.

ನನ್ನ ಸರದಿ ಬಂದರೆ ಎಲ್ಲಿಗೆ? "ಊರಿಗೆ ಹೋಗಿ" ಅನ್ನಬೇಡಿ. ಆ ದಾರಿ ಗೊತ್ತಿದೆ. ಬೇರೆ ಏನಿದೆ ಹೇಳಿ.

ಮೊದಲು_ಕಾಫಿ
ಕೆನಡಾ. ಮುಂದಿನ ಪ್ರಶ್ನೆ ಕೇಳಿ.

ಟೊರಾಂಟೊ_ತುಂಗಾ
ಕಾಫಿಯವರೇ, ನೀವು ಹೇಳುವ ಕೆನಡಾ 2019ರದ್ದು. 2024ರಲ್ಲಿ 4,85,000 ಜನರಿಗೆ ಪಿಆರ್ (ಕಾಯಂ ವಾಸದ ಅನುಮತಿ) ಕೊಡುವ ಗುರಿ ಇತ್ತು. 2025ಕ್ಕೆ ಅದನ್ನು 3,95,000ಕ್ಕೆ ಇಳಿಸಿದರು, 2026ಕ್ಕೆ 3,80,000. ಮೊದಲೆಲ್ಲ ಕೈಯಲ್ಲಿ ಜಾಬ್ ಆಫರ್ ಇದ್ದರೆ ಪಾಯಿಂಟ್ ನೋಡಿ ಪಿಆರ್‌ಗೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಹೆಚ್ಚುವರಿ ಪಾಯಿಂಟ್ ಸಿಗುತ್ತಿತ್ತು. 2025ರ ಮಾರ್ಚ್‌ನಲ್ಲಿ ಅದನ್ನೂ ತೆಗೆದುಹಾಕಿದರು.

ಕಟಪಾಡಿಯವರೇ, ವಯಸ್ಸಿನ ಪಾಯಿಂಟ್ ನೋಡಿ. ಗಂಡ ಹೆಂಡತಿ ಜೊತೆಯಾಗಿ ಹಾಕಿದರೆ ವಯಸ್ಸಿಗೆ ಗರಿಷ್ಠ 100. 43ಕ್ಕೆ ಸಿಗುವುದು 15. 45ಕ್ಕೆ ಸೊನ್ನೆ. ಅದೇ 39ಕ್ಕೆ 50. ಅಂದರೆ ಅರ್ಜಿಯಲ್ಲಿ ಮುಖ್ಯ ಹೆಸರು ನಿಮ್ಮದಾಗಿದ್ದರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ನಿಮ್ಮ ಮನೆಯವರದಾಗಿದ್ದರೆ ಇನ್ನೂ ಅರ್ಧ ತೆರೆದಿದೆ. ಆರೋಗ್ಯ ಕ್ಷೇತ್ರದವರಿಗೆ ಅಂತಲೇ ಪ್ರತ್ಯೇಕ ಡ್ರಾ (ಆಯ್ಕೆಯ ಸುತ್ತು) ಕೂಡ ಮಾಡುತ್ತಾರೆ.

ಹ್ಯಾಮಿಲ್ಟನ್_ಅಕ್ಕ
ನಾನು ಹೇಳಬೇಕೆಂದಿದ್ದನ್ನೇ ತುಂಗಾ ಹೇಳಿದರು. ಗಲ್ಫ್‌ನಲ್ಲಿರುವ ನಮ್ಮ ಕಡೆಯ ಗಂಡಸರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ವೀಸಾ ಯಾರ ಹೆಸರಿನಲ್ಲಿ ಬಂದಿತ್ತೋ ಅವರೇ ಮುಂದೆಯೂ ಕುಟುಂಬ ಎಳೆದುಕೊಂಡು ಹೋಗಬೇಕು ಅಂದುಕೊಂಡಿರುತ್ತಾರೆ. ನಿಮ್ಮ ಮನೆಯ ಟಿಕೆಟ್ ಐಸಿಯುನಲ್ಲಿ ನೈಟ್ ಡ್ಯೂಟಿ ಮಾಡುತ್ತಿದೆ, ಗೊತ್ತಾಯ್ತಲ್ಲ?

ನಾನು ಕಾರ್ಕಳದವಳು. ಜುಬೈಲ್‌ನಲ್ಲಿದ್ದೆ, ಈಗ ನ್ಯೂಜಿಲೆಂಡ್. ಇಲ್ಲಿ ರಿಜಿಸ್ಟರ್ಡ್ ನರ್ಸ್ ಹುದ್ದೆ ಬೇಡಿಕೆ ಇರುವ ಕೆಲಸಗಳ ಗ್ರೀನ್ ಲಿಸ್ಟ್‌ನಲ್ಲಿದೆ. ಮಾನ್ಯತೆ ಪಡೆದ ಸಂಸ್ಥೆಯಿಂದ ಕೆಲಸದ ಆಫರ್ ಸಿಕ್ಕಿದರೆ ನೇರವಾಗಿ ರೆಸಿಡೆನ್ಸ್‌ಗೇ ಅರ್ಜಿ ಹಾಕಬಹುದು. ವಯಸ್ಸಿನ ಮಿತಿ 55. ಗಂಡ, ಮಕ್ಕಳು ಅದೇ ಅರ್ಜಿಯಲ್ಲಿ ಬರುತ್ತಾರೆ.

ಅಷ್ಟು ಓದಿ ಸೂಟ್‌ಕೇಸ್ ತೆಗೆಯಬೇಡಿ. ಮೊದಲು ಇಂಗ್ಲಿಷ್ ಪರೀಕ್ಷೆ, ಒಇಟಿ ಅಥವಾ ಐಇಎಲ್‌ಟಿಎಸ್. ಆಮೇಲೆ ಪ್ರಮಾಣಪತ್ರಗಳ ಪರಿಶೀಲನೆ. ಆಮೇಲೆ ಆನ್‌ಲೈನ್ ಥಿಯರಿ ಪರೀಕ್ಷೆ. ಕೊನೆಗೆ ಕ್ರೈಸ್ಟ್‌ಚರ್ಚ್‌ಗೆ ಬಂದು ಓಎಸ್‌ಸಿಇ, ಅಂದರೆ ಪ್ರಾಕ್ಟಿಕಲ್. ಅಲ್ಲಿ ಹತ್ತು ವರ್ಷ ಐಸಿಯು ಮಾಡಿದವರೂ ತಡವರಿಸುತ್ತಾರೆ. ಕೆಲಸ ಗೊತ್ತಿಲ್ಲ ಅಂತ ಅಲ್ಲ. ಇಂಜೆಕ್ಷನ್ ಕೊಡುವ ಮೊದಲು ರೋಗಿಗೆ ಹೆಸರು ಹೇಳಿಕೊಂಡು, ಏನು ಕೊಡುತ್ತಿದ್ದೇನೆ ಅಂತ ವಿವರಿಸಿ, ಒಪ್ಪಿಗೆ ಕೇಳಬೇಕು. ನಮಗೆ ಅದು ಅಭ್ಯಾಸ ಇರುವುದಿಲ್ಲ. ಕೈ ಓಡುತ್ತದೆ, ಬಾಯಿ ಬರುವುದಿಲ್ಲ. ನನ್ನ ಜೊತೆ ಪರೀಕ್ಷೆಗೆ ನಿಂತ ಒಬ್ಬಳು ಗೊಂಬೆಗೆ "ನಮಸ್ಕಾರ ಅಜ್ಜಾ" ಅಂದುಬಿಟ್ಟಳು. ಪಾಸಾದಳು, ಅದು ಬೇರೆ ಮಾತು.

ಇನ್ನೊಂದು ವಿಷಯ. 2024ರಿಂದ ಇಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ನೇಮಕಾತಿ ಬಿಗಿಯಾಗಿದೆ. ರಿಜಿಸ್ಟ್ರೇಶನ್ ಸಿಕ್ಕಿಯೂ ಕೆಲಸ ಸಿಗದೆ ಕೂತ ಹುಡುಗಿಯರನ್ನು ನೋಡಿದ್ದೇನೆ. ಅಲ್ಲಿ ಕೆಲಸ ಇರುವಾಗಲೇ ಇದನ್ನೆಲ್ಲ ಮುಗಿಸಿಟ್ಟುಕೊಂಡರೆ ಸರಿ. ಎಕ್ಸಿಟ್ ಬಿದ್ದ ಮೇಲೆ ಶುರು ಮಾಡಿದರೆ 60 ದಿನದಲ್ಲಿ ಒಇಟಿ ಫಲಿತಾಂಶ ಬಂದರೆ ಅದೇ ಪುಣ್ಯ.

ಪರದೇಸಿ_ಡಲ್ಲಾಸ್
ಸೌದಿಯದ್ದೂ 60 ದಿನ, ನಮ್ಮದೂ 60 ದಿನ! ಅಮೆರಿಕದ ಕೆಲಸದ ವೀಸಾ ಎಚ್-1ಬಿಯಲ್ಲಿ ಇರುವಾಗ ಕೆಲಸ ಹೋದರೆ ಅಷ್ಟರೊಳಗೆ ಹೊಸ ಕಂಪನಿ ಹಿಡಿಯಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ಹೊರಡಬೇಕು. ಮೇಲಿಂದ 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಹಾಕುವ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕ ಅಂತ ಘೋಷಣೆ ಬಂತು. ಆ ಶನಿವಾರ ನಮ್ಮ ವಾಟ್ಸ್‌ಆ್ಯಪ್ ಗ್ರೂಪ್ ನೋಡಬೇಕಿತ್ತು. ಊರಿಗೆ ರಜೆಗೆ ಹೋದವರೆಲ್ಲ ಟಿಕೆಟ್ ಹುಡುಕುತ್ತಿದ್ದರು. ಹಳೆ ವೀಸಾದವರಿಗೆ ಅನ್ವಯಿಸುವುದಿಲ್ಲ ಅಂತ ಸ್ಪಷ್ಟನೆ ಬರುವಷ್ಟರಲ್ಲಿ ಕೆಲವರು ವಿಮಾನ ಹತ್ತಿಯಾಗಿತ್ತು.

ಕೆನಡಾ 2023ರ ಜುಲೈನಲ್ಲಿ ಎಚ್-1ಬಿಯವರಿಗೆ ಅಂತಲೇ ಓಪನ್ ವರ್ಕ್ ಪರ್ಮಿಟ್ ಕೊಟ್ಟಿತ್ತು. 10,000 ಅರ್ಜಿ. ಎರಡು ದಿನ ಕಳೆಯುವ ಮೊದಲೇ ಭರ್ತಿ. ಇಲ್ಲಿ ಎಷ್ಟು ಜನ ಇನ್ನೊಂದು ಬಾಗಿಲಿಗಾಗಿ ಕಾಯುತ್ತಿದ್ದಾರೆ ಅನ್ನುವುದಕ್ಕೆ ಬೇರೆ ಲೆಕ್ಕ ಬೇಡ.

ದೇರಾ_ದೋಸೆ
ಎಲ್ಲರೂ ಯಾಕೆ ಅಷ್ಟು ದೂರ ನೋಡುತ್ತಿದ್ದೀರಿ ಮಾರಾಯ್ರೆ? ದುಬೈ ಇದೆ, ದೋಹಾ ಇದೆ, ಮಸ್ಕತ್ ಇದೆ. ಮಂಗಳೂರಿಗೆ ನೇರ ವಿಮಾನ. ಇದೇ ಅನುಭವಕ್ಕೆ ಇಲ್ಲಿ ಕೆಲಸ ಸಿಗುತ್ತದೆ. ಹತ್ತು ವರ್ಷದ ಗೋಲ್ಡನ್ ವೀಸಾ ಇದೆ. ವೀಸಾ ರದ್ದಾದ ಮೇಲೆ ಉಳಿಯಲು ಕೊಡುವ ಸಮಯವನ್ನೂ 2022ರಲ್ಲಿ ಜಾಸ್ತಿ ಮಾಡಿದ್ದಾರೆ.

ಕಟಪಾಡಿ_ದಮ್ಮಾಮ್
ದೋಸೆ ಅಣ್ಣ, ಗೋಲ್ಡನ್ ವೀಸಾಕ್ಕೆ 20 ಲಕ್ಷ ದಿರ್ಹಮ್ ಆಸ್ತಿ ತೋರಿಸಬೇಕಲ್ಲ? ಅಷ್ಟಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ದೇರಾ_ದೋಸೆ
ಆಸ್ತಿ ಒಂದೇ ದಾರಿಯಲ್ಲ, ಸಂಬಳ ಮತ್ತು ಹುದ್ದೆಯ ಮೇಲೂ ಕೊಡುತ್ತಾರೆ. ಆದರೆ ಒಪ್ಪುತ್ತೇನೆ, ಎಲ್ಲರಿಗೂ ಅಲ್ಲ. ಮಕ್ಕಳ ಶಾಲೆ ಫೀಸ್ ಮತ್ತು ಬಾಡಿಗೆ ಕಟ್ಟಿದ ಮೇಲೆ ಊರಿಗೆ ಕಳಿಸಲು ಉಳಿಯುವುದು ನಿಮ್ಮಷ್ಟು ಇರುವುದಿಲ್ಲ.

ಕುವೈತ್_ರಿಟರ್ನ್
ಇಲ್ಲಿ ನನ್ನ ವಯಸ್ಸಿನವರು ಯಾರೂ ಕಾಣುತ್ತಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನಮಗೆ 60 ದಿನವೂ ಸಿಗಲಿಲ್ಲ. 1990ರ ಆಗಸ್ಟ್ 2, ಗುರುವಾರ. ಬೆಳಿಗ್ಗೆ ಎದ್ದರೆ ಕುವೈತ್‌ನ ಸಾಲ್ಮಿಯಾದ ರಸ್ತೆಯಲ್ಲಿ ಇರಾಕಿ ಸೈನಿಕರು. ಬ್ಯಾಂಕ್‌ನಲ್ಲಿ ಹಣ ಇತ್ತು, ಆದರೆ ತೆಗೆಯುವ ಹಾಗಿರಲಿಲ್ಲ. ಕುವೈತಿ ದಿನಾರ್‌ಗೂ ಇರಾಕಿ ದಿನಾರ್‌ಗೂ ಒಂದೇ ಬೆಲೆ ಅಂತ ಮಾಡಿಬಿಟ್ಟರು. ಅಲ್ಲಿಗೆ ನಮ್ಮ ಉಳಿತಾಯ ಕಾಗದವಾಯಿತು. ನನ್ನ ಪಾಸ್‌ಪೋರ್ಟ್ ಕಫೀಲ್ (ವೀಸಾ ಕೊಡಿಸಿದ ಪ್ರಾಯೋಜಕ) ಹತ್ತಿರ ಇತ್ತು. ಅವನು ಆಗಲೇ ದೇಶ ಬಿಟ್ಟಿದ್ದ.

ಬಸ್ ಹಿಡಿದು ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ. ಮರುಭೂಮಿಯ ಡೇರೆ. ಹಗಲು ಬೆಂಕಿ, ರಾತ್ರಿ ಚಳಿ. ನೀರಿನ ಟ್ಯಾಂಕರ್ ಬಂದರೆ ಇಂಜಿನಿಯರು, ಅಡುಗೆಯವನು, ಮ್ಯಾನೇಜರು ಎಲ್ಲರೂ ಒಂದೇ ಸಾಲು. ಆಮೇಲೆ ಅಮ್ಮಾನ್‌ನಿಂದ ಮುಂಬೈಗೆ ಏರ್ ಇಂಡಿಯಾ. ಸುಮಾರು 1,70,000 ಭಾರತೀಯರನ್ನು ಆಗ ಹಾಗೆ ಕರೆತಂದರು.

ಈ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ಪರಿಹಾರ ಕೊಟ್ಟಿತು. ಬಿಟ್ಟು ಬಂದವರಿಗೆ ನಿಗದಿಯಾದ ಮೊತ್ತ, ಒಬ್ಬರಿಗೆ 4,000 ಡಾಲರ್‌ವರೆಗೆ, ಕುಟುಂಬಕ್ಕೆ 8,000ದವರೆಗೆ. ಕೈಗೆ ಬರಲು ವರ್ಷಗಳೇ ಹಿಡಿದವು. ಆದರೆ ಅಲ್ಲಿದ್ದೆವು ಅಂತ ತೋರಿಸಲು ಏನಾದರೂ ಬೇಕಿತ್ತು. ನನ್ನ ಹತ್ತಿರ ಸಿವಿಲ್ ಐಡಿಯ ಜೆರಾಕ್ಸ್ ಇತ್ತು. ನನ್ನ ರೂಮ್‌ಮೇಟ್ ಪರ್ಸ್‌ನಲ್ಲಿ ಮಗಳ ಫೋಟೊ ಮಾತ್ರ ಇತ್ತು. ಅವನು ಸಾಕ್ಷಿ ಹುಡುಕಿಕೊಂಡು ಬಹಳ ಓಡಾಡಿದ.

ಇನ್ನೂ ಹಿಂದೆ ಹೋಗಿ. 1972ರಲ್ಲಿ ಉಗಾಂಡಾದಲ್ಲಿ ಇದಿ ಅಮೀನ್ ಏಷ್ಯಾದವರಿಗೆ 90 ದಿನ ಕೊಟ್ಟ. ಅವರಲ್ಲಿ ಬಹಳ ಜನ ಬ್ರಿಟನ್‌ಗೆ ಹೋದರು. ಬ್ರಿಟನ್ ಮೇಲಿನ ಪ್ರೀತಿಗೆ ಅಲ್ಲ, ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಕೆಲವು ಸಾವಿರ ಜನರನ್ನು ಕೆನಡಾ ಕರೆದುಕೊಂಡಿತು. ಯಾವ ಊರು ಚೆಂದ ಅಂತ ಆರಿಸಲು ಯಾರಿಗೂ ಪುರಸೊತ್ತಿರಲಿಲ್ಲ. ಕಟಪಾಡಿಯವರೇ, ಎಲ್ಲಿಗೆ ಅಂತ ಆಮೇಲೆ ಕೇಳಿ. ನಿಮ್ಮ ಹತ್ತಿರ ಇವತ್ತು ಯಾವ ಕಾಗದ ಇದೆ ಅಂತ ಮೊದಲು ಕೇಳಿಕೊಳ್ಳಿ.

ಮಲೆನಾಡ್_ಮಳೆ
ಸರ್, ಓದಿ ಮೈ ಜುಮ್ ಅಂತು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸಿಕ್ಕಿಬಿದ್ದ ನಮ್ಮ ಕಡೆಯ ಹಕ್ಕಿಪಿಕ್ಕಿ ಜನರ ನೆನಪಾಯಿತು. ಗಿಡಮೂಲಿಕೆ ಎಣ್ಣೆ ಮಾರಲು ಹೋದವರು. ಗುಂಡಿನ ಸದ್ದಿನ ನಡುವೆ ಬಾಡಿಗೆ ರೂಮಿನಲ್ಲಿ ಕೂತು ವಿಡಿಯೊ ಕಳಿಸುತ್ತಿದ್ದರು. ಕೊನೆಗೆ ಪೋರ್ಟ್ ಸುಡಾನ್ ದಾಟಿ ಜೆಡ್ಡಾ ಮೂಲಕ ಬಂದರು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಕಾವೇರಿ. ಅನಿವಾಸಿ ಅಂದರೆ ಬರೀ ಸಾಫ್ಟ್‌ವೇರ್‌ನವರು ಅಂದುಕೊಂಡವರಿಗೆ ಅದು ಗೊತ್ತಿರಲಿ.

ಉಳ್ಳಾಲದ_ಅಲೆ
ಅದನ್ನೇ ಹೇಳೋಣ ಅಂತ ಇಷ್ಟು ಹೊತ್ತು ಓದುತ್ತಿದ್ದೆ. ನಾನು ರಿಯಾದ್‌ನಲ್ಲಿ ಡೆಲಿವರಿ ವ್ಯಾನ್ ಓಡಿಸುತ್ತೇನೆ. ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಪಾಸ್‌ಪೋರ್ಟ್ ಇಸಿಆರ್, ಅಂದರೆ ಗಲ್ಫ್‌ಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾಗುವಂಥದ್ದು. ನೀವು ಹೇಳುವ ಪಾಯಿಂಟು, ಗ್ರೀನ್ ಲಿಸ್ಟು ಯಾವುದರಲ್ಲೂ ನಮಗೆ ಕಾಲಂ ಇಲ್ಲ. ನಮ್ಮಂಥವರಿಗೆ ಇರುವುದು ಎರಡೇ. ಇನ್ನೊಂದು ಗಲ್ಫ್ ದೇಶ, ಇಲ್ಲವೇ ಊರು.

2017ರಲ್ಲಿ ಲೆವಿ ಶುರುವಾದಾಗ ತಲೆಗೆ 100 ರಿಯಾಲ್. ವರ್ಷಕ್ಕೆ 100 ಏರಿಸುತ್ತಾ 2020ಕ್ಕೆ 400 ಮಾಡಿದರು. ನಮ್ಮ ಬಿಲ್ಡಿಂಗ್‌ನಲ್ಲಿ ಫ್ಯಾಮಿಲಿಗಳು ಒಂದೊಂದಾಗಿ ಖಾಲಿಯಾದವು. ಗಂಡಸರು ಉಳಿದರು, ಒಂದು ರೂಮಿಗೆ ಆರು ಜನ. ಅಂದರೆ ನಮ್ಮಲ್ಲಿ ಸುಮಾರು ಜನರ ಸಂಸಾರ ಆಗಲೇ ದೇಶ ಬಿಟ್ಟಾಗಿದೆ. ಹೋಗಬೇಕಾದದ್ದು ನಾನೊಬ್ಬನೇ.

ಕೆಲವರು ಇಸ್ರೇಲ್ ಅನ್ನುತ್ತಾರೆ. ಕರಾವಳಿಯ ಕ್ರಿಶ್ಚಿಯನ್ ಸ್ನೇಹಿತರು ಬಹಳ ಜನ ಅಲ್ಲಿ ಕೇರ್‌ಗಿವರ್ ಕೆಲಸದಲ್ಲಿದ್ದಾರೆ. ಸಂಬಳ ಚೆನ್ನಾಗಿದೆ. ಆದರೆ ಸಂಸಾರ ಕರೆದುಕೊಂಡು ಹೋಗುವ ಹಾಗಿಲ್ಲ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದ ನಂತರ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಅಲ್ವಾ?

ಹ್ಯಾಮಿಲ್ಟನ್_ಅಕ್ಕ
ಅಲೆ ತಮ್ಮಾ, ಹೆವಿ ಲೈಸೆನ್ಸ್ ಇದೆಯಾ ನಿಮಗೆ?

ಉಳ್ಳಾಲದ_ಅಲೆ
ಇಲ್ಲ ಅಕ್ಕ, ಲೈಟ್ ಮಾತ್ರ. ಹೆವಿ ಮಾಡಿಸುವ ಆಸೆ ಇದೆ.

ಹ್ಯಾಮಿಲ್ಟನ್_ಅಕ್ಕ
ಮಾಡಿಸಿ. ಈಗಲೇ ಯಾವ ದೇಶದ ಭರವಸೆಯನ್ನೂ ಕೊಡುವುದಿಲ್ಲ. ಏಜೆಂಟ್ ದುಡ್ಡು ಕೇಳಿದರೆ ಕೊಡಬೇಡಿ. ಆದರೆ ಲೈಸೆನ್ಸ್ ನಿಮ್ಮ ಜೇಬಿನಲ್ಲಿರುತ್ತದೆ, ಊರಿಗೆ ಹೋದರೂ ಅನ್ನ ಕೊಡುತ್ತದೆ.

ಧಾರವಾಡ_ಪೇಡೆ
ಜರ್ಮನಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ ರೀ. ಸ್ಟುಟ್‌ಗಾರ್ಟ್‌ನಿಂದ ಬರೆಯುತ್ತಿದ್ದೇನೆ. 2024ರ ಜೂನ್‌ನಿಂದ ಶಾನ್ಸನ್‌ಕಾರ್ಟೆ ಅಂತ ಇದೆ. ಕೆಲಸ ಹುಡುಕಲು ಬಂದು ಒಂದು ವರ್ಷ ಇರಬಹುದು. 6 ಪಾಯಿಂಟ್ ಬೇಕು. 35ರೊಳಗೆ ಇದ್ದರೆ 2, 40ರವರೆಗೆ 1, ಅದರ ಮೇಲೆ ವಯಸ್ಸಿಗೆ ಏನೂ ಇಲ್ಲ. ಖರ್ಚಿಗೆ ತಿಂಗಳಿಗೆ 1,091 ಯೂರೊ ಲೆಕ್ಕದಲ್ಲಿ ಹಣ ಮೊದಲೇ ತೋರಿಸಬೇಕು, ಇದು 2025ರ ಲೆಕ್ಕ. 45 ದಾಟಿ ಮೊದಲ ಸಲ ಕೆಲಸದ ವೀಸಾಕ್ಕೆ ಬಂದರೆ ಸಂಬಳ ಇಷ್ಟಿರಬೇಕು ಅಥವಾ ಪಿಂಚಣಿ ವ್ಯವಸ್ಥೆ ಇರಬೇಕು ಅನ್ನುವ ಷರತ್ತೂ ಇದೆ.

ನರ್ಸ್‌ಗಳಿಗೆ ಇಲ್ಲಿ ಬೇಡಿಕೆ ಬಹಳ. ಆದರೆ ಜರ್ಮನ್ ಭಾಷೆ ಬಿ2 ಮಟ್ಟಕ್ಕೆ, ಅಂದರೆ ಸರಾಗವಾಗಿ ಮಾತಾಡುವಷ್ಟು ಬರಬೇಕು. ಡ್ಯೂಟಿ ಮಾಡಿಕೊಂಡು, ಮಕ್ಕಳನ್ನು ನೋಡಿಕೊಂಡು, 39ನೇ ವಯಸ್ಸಿನಲ್ಲಿ ಡೆರ್, ಡೀ, ಡಾಸ್ ಬಾಯಿಪಾಠ ಮಾಡುವುದು ಹುಡುಗಾಟ ಅಲ್ಲ. ನನ್ನ ಹೆಂಡತಿ ಮಾಡಿದ್ದಾಳೆ. ಆ ಒಂದೂವರೆ ವರ್ಷ ಮನೆಯಲ್ಲಿ ಫ್ರಿಜ್ ಮೇಲೆ, ಕನ್ನಡಿ ಮೇಲೆ, ಅಕ್ಕಿ ಡಬ್ಬಿ ಮೇಲೆ ಎಲ್ಲಾ ಕಡೆ ಹಳದಿ ಚೀಟಿ ಅಂಟಿಸಿತ್ತು. ಇಂಗ್ಲಿಷ್ ದೇಶ ಸಿಗುವ ಹಾಗಿದ್ದರೆ ಮೊದಲು ಅದನ್ನೇ ನೋಡಿರಿ.

ಮೊದಲು_ಕಾಫಿ
ಹಾಗಾದರೆ ಲಂಡನ್? ಐರ್ಲೆಂಡ್?

ಟೊರಾಂಟೊ_ತುಂಗಾ
ಬ್ರಿಟನ್ 2025ರ ಜುಲೈ 22ರಿಂದ ಹೊರದೇಶದಿಂದ ಕೇರ್ ವರ್ಕರ್‌ಗಳನ್ನು ಕರೆಸುವುದನ್ನು ನಿಲ್ಲಿಸಿದೆ. ಸ್ಕಿಲ್ಡ್ ವರ್ಕರ್ ಸಂಬಳದ ಮಿತಿಯನ್ನು 41,700 ಪೌಂಡ್‌ಗೆ ಏರಿಸಿದೆ. ನರ್ಸ್‌ಗಳಿಗೆ ಬೇರೆ ಮಿತಿ ಇದೆ, ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತದೆ. ಐರ್ಲೆಂಡ್‌ನಲ್ಲಿ ನರ್ಸ್ ಕ್ರಿಟಿಕಲ್ ಸ್ಕಿಲ್ಸ್ (ಜನರ ಕೊರತೆ ಇರುವ ಕೆಲಸಗಳ) ಪಟ್ಟಿಯಲ್ಲಿದ್ದಾರೆ, ಗಂಡನಿಗೂ ಕೆಲಸ ಮಾಡಲು ಅವಕಾಶ ಇದೆ. ಬಾಡಿಗೆ ಮನೆ ಸಿಗುವುದು ಮಾತ್ರ ಬಹಳ ಕಷ್ಟ. 2025ರ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾಗಿ ರಾಯಭಾರ ಕಚೇರಿಯೇ ಎಚ್ಚರಿಕೆ ಕೊಟ್ಟಿತ್ತು. ಹೋಗಬೇಡಿ ಅನ್ನುತ್ತಿಲ್ಲ. ಗೊತ್ತಿದ್ದು ಹೋಗಿ.

ಆಸ್ಟ್ರೇಲಿಯಾದ ಸ್ಕಿಲ್ಡ್ ವೀಸಾಕ್ಕೆ 45 ತುಂಬಿರಬಾರದು. ಕಟಪಾಡಿಯವರಿಗೆ ಅಲ್ಲೂ ಹೊತ್ತು ಜಾಸ್ತಿ ಇಲ್ಲ.

ಪುತ್ತೂರು_ಅಡಿಕೆ
"ಊರಿಗೆ ಹೋಗಿ ಅನ್ನಬೇಡಿ" ಅಂದಿದ್ದೀರಿ, ಆದರೂ ಅನ್ನುತ್ತೇನೆ. ನಾನು ಬಹರೈನ್ ಬಿಟ್ಟು ಬಂದವನು. ಎಲ್ಲಾ ದೇಶದ ಲೆಕ್ಕವೂ ಕೊನೆಗೆ ವಯಸ್ಸಿಗೆ ಬಂದು ನಿಲ್ಲುತ್ತಿದೆ, ನೋಡಿ. 50 ಆದ ಮೇಲೆ ನಿಮ್ಮನ್ನು ಯಾವ ಪ್ರಶ್ನೆಯೂ ಕೇಳದೆ ಒಳಗೆ ಬಿಡುವ ದೇಶ ಒಂದೇ. ಅದನ್ನು ಕೊನೆಯ ಆಯ್ಕೆ ಅಂತ ಮೂಲೆಗೆ ಇಟ್ಟರೆ ಅದಕ್ಕೆ ಯಾರೂ ತಯಾರಿ ಮಾಡುವುದಿಲ್ಲ. ನಮ್ಮ ಕಡೆ ತಯಾರಿ ಅಂದರೆ ಮನೆ ಕಟ್ಟುವುದು. ಗಲ್ಫ್ ದುಡ್ಡೆಲ್ಲ ಸೇರಿಸಿ ಎರಡು ಮಹಡಿ, ಮುಂದೆ ಗ್ರಾನೈಟ್ ಕಂಬ. ಮೇಲಿನ ಮಹಡಿಗೆ ಹಬ್ಬಕ್ಕೆ ಒಮ್ಮೆ ಗುಡಿಸಲು ಹೋಗುತ್ತಾರೆ. ತಿಂಗಳ ಆದಾಯ ಮಾತ್ರ ಸೊನ್ನೆ. ಅದರ ಬದಲು ಮಂಗಳೂರಲ್ಲಿ ಒಂದು ಸಣ್ಣ ಅಂಗಡಿ ತೆಗೆದುಕೊಂಡು ಬಾಡಿಗೆಗೆ ಕೊಟ್ಟಿದ್ದರೆ?

ಕೇರಳ 1996ರಲ್ಲೇ ಹೊರಗೆ ಇರುವವರಿಗೆ ಅಂತ ನೋರ್ಕಾ ಇಲಾಖೆ ಮಾಡಿತು. ವಾಪಸ್ ಬಂದವರು ಸ್ವಂತ ಉದ್ಯೋಗ ಮಾಡಲು ಸಾಲ, ಸಬ್ಸಿಡಿ ಯೋಜನೆ ಅಲ್ಲಿದೆ. ನಮ್ಮಲ್ಲೂ ಅಂಥದ್ದು ಬೇಕು ಅಂತ ಗಲ್ಫ್ ಕನ್ನಡಿಗರು ಕೇಳುತ್ತಲೇ ಇದ್ದಾರೆ.

ಕಟಪಾಡಿ_ದಮ್ಮಾಮ್
ಅಡಿಕೆ ಅಣ್ಣ, ಗ್ರಾನೈಟ್ ಕಂಬ ನಮ್ಮ ಮನೆಗೂ ಇದೆ. ಹೋಗಲಿ ಬಿಡಿ. ನನ್ನ ನಿಜವಾದ ಹೆದರಿಕೆ ಮಗಳದ್ದು. 9ನೇ ಕ್ಲಾಸಿನಲ್ಲೇ ಸಿಬಿಎಸ್‌ಇ ಬೋರ್ಡ್ ನೋಂದಣಿ ಆಗುತ್ತದೆ. ನಡುವೆ ಕಿತ್ತು ತಂದರೆ ಏನಾಗುತ್ತದೆ?

ಲೆಕ್ಕದ_ಮೇಷ್ಟ್ರು
ಶಾಲೆ ವಿಷಯವನ್ನು ಇಷ್ಟು ಹೊತ್ತು ಯಾರೂ ಎತ್ತಲಿಲ್ಲ, ಆಶ್ಚರ್ಯ. ಊರಿಗೆ ಬರುವುದಾದರೆ ಎರಡು ವಿಷಯ ನೋಡಿ.

ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮ ಅಂದರೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಬೇರೆ ಕೆಲವು ವಿಭಾಗಗಳಿವೆ, ನಿಮಗೆ ಯಾವುದಾದರೂ ಹೊಂದುತ್ತದಾ ನೋಡಿ. ಇಲ್ಲದಿದ್ದರೆ ಮಗಳು ಕನ್ನಡದವಳೇ ಆದರೂ ಆ ಸಾಲಿನಲ್ಲಿ ನಿಲ್ಲುವುದು ಕಷ್ಟ. ಇನ್ನೊಂದು ಕಡೆ, ಎನ್‌ಐಟಿಗಳಲ್ಲಿ ಹೊರದೇಶದಲ್ಲಿರುವ ವಿದ್ಯಾರ್ಥಿಗಳಿಗೆ ಸೀಟು ಕೊಡುವ ಡಾಸಾ ಯೋಜನೆಯೊಳಗೆ ಸಿಐಡಬ್ಲ್ಯುಜಿ ಅಂತ ಇದೆ. ಗಲ್ಫ್‌ನಲ್ಲಿ ಕೆಲಸ ಮಾಡುವ ಭಾರತೀಯರ ಮಕ್ಕಳಿಗೆ ಮೀಸಲು, ಡಾಸಾದ ಉಳಿದವರಿಗಿಂತ ಫೀಸ್ ಬಹಳ ಕಡಿಮೆ. ಸುರತ್ಕಲ್ ಎನ್‌ಐಟಿಕೆಯಲ್ಲೂ ಸೀಟು ಇವೆ. ಜೆಇಇ ಮೇನ್ ಬರೆಯಬೇಕು, ಮತ್ತು 11, 12 ಹೊರದೇಶದಲ್ಲೇ ಓದಿರಬೇಕು. ಅಂದರೆ ಅವಳ ಮಟ್ಟಿಗೆ ಬೆಲೆ ಇರುವುದು ಮುಂದಿನ ಮೂರು ವರ್ಷಕ್ಕೆ. ನಿಯಮ ಆಗಾಗ ಬದಲಾಗುತ್ತದೆ, ಆ ವರ್ಷದ ಪುಸ್ತಿಕೆ ನೋಡಿಕೊಳ್ಳಿ.

ಇನ್ನು ದುಡ್ಡು. ಸೌದಿ ಕಾನೂನಿನಲ್ಲಿ ಸೇವೆ ಮುಗಿದಾಗ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. 10 ವರ್ಷ ತುಂಬುವ ಮೊದಲು ನೀವಾಗಿಯೇ ರಾಜೀನಾಮೆ ಕೊಟ್ಟರೆ ಪೂರ್ತಿ ಸಿಗುವುದಿಲ್ಲ. ಹೆದರಿಕೊಂಡು ಮೊದಲೇ ಕಾಗದ ಎಸೆದು ಬರಬೇಡಿ. ಊರಿಗೆ ಬಂದ ಮೇಲೆ ಎನ್‌ಆರ್‌ಇ (ಹೊರಗಿನ ಗಳಿಕೆ ಇಡುವ ಅನಿವಾಸಿ) ಖಾತೆಯನ್ನು ರೆಸಿಡೆಂಟ್ ಮಾಡಿಸಲೇಬೇಕು, ಅಲ್ಲಿಂದ ಬಡ್ಡಿಗೆ ತೆರಿಗೆ ಇದೆ. ಎಫ್‌ಸಿಎನ್‌ಆರ್ (ಅನಿವಾಸಿಗಳ ವಿದೇಶಿ ಕರೆನ್ಸಿ) ಠೇವಣಿ ಅವಧಿ ಮುಗಿಯುವವರೆಗೆ ಹಾಗೇ ಇರಬಹುದು. ಬಹಳ ವರ್ಷ ಹೊರಗಿದ್ದವರಿಗೆ ಮೊದಲ ಎರಡು ಮೂರು ವರ್ಷ ಆರ್‌ಎನ್‌ಒಆರ್ ಅಂತ ಸ್ಥಾನ ಸಿಗುತ್ತದೆ. ಆಗ ಹೊರದೇಶದಲ್ಲಿ ಬರುವ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ.

ಪರದೇಸಿ_ಡಲ್ಲಾಸ್
ಮೇಷ್ಟ್ರೇ, ಅಮೆರಿಕದ 401ಕೆ (ನಿವೃತ್ತಿ ಉಳಿತಾಯ) ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಅಲ್ಲಿಗೆ ಬನ್ನಿ ದಯವಿಟ್ಟು.

ಹ್ಯಾಮಿಲ್ಟನ್_ಅಕ್ಕ
ಮೇಷ್ಟ್ರು ಹೇಳಿದ ಶಾಲೆ ವಿಷಯ ಸರಿ. ಆದರೆ ಎನ್‌ಐಟಿಕೆ ಸೀಟಿಗೋಸ್ಕರ ಮೂರು ವರ್ಷ ಏನೂ ಮಾಡದೆ ಕೂರಬೇಡಿ ಅನ್ನುವುದು ನನ್ನ ಮಾತು. ಆಗ ನಿಮ್ಮವರಿಗೆ 42. ಕೆನಡಾ ಕೈ ಬಿಟ್ಟಿರುತ್ತದೆ. ಒಇಟಿ, ರಿಜಿಸ್ಟ್ರೇಶನ್ ಈಗ ಮುಗಿಸಿಟ್ಟುಕೊಳ್ಳಿ, ಹೊರಡುವುದು ಯಾವಾಗ ಅಂತ ಆಮೇಲೆ ನೋಡಬಹುದು.

ಕುವೈತ್ ಸರ್ ಹೇಳಿದ ಕಾಗದದ ಮಾತಿಗೆ ನನ್ನದೂ ಒಂದು ಸೇರಿಸಿ. ಸೌದಿಯ ಪೊಲೀಸ್ ಕ್ಲಿಯರೆನ್ಸ್ ಅಲ್ಲಿದ್ದಾಗ ಮಾಡಿಸುವುದು ಸುಲಭ, ಬಿಟ್ಟು ಬಂದ ಮೇಲೆ ಬೆರಳಚ್ಚು, ರಾಯಭಾರ ಕಚೇರಿ ಅಂತ ಅಲೆದಾಟ. ಆದರೆ ಅದಕ್ಕೆ ಅವಧಿ ಇರುತ್ತದೆ, ತುಂಬಾ ಬೇಗ ಮಾಡಿಸಿದರೂ ವ್ಯರ್ಥ. ಹೊರಡುವುದು ಖಚಿತವಾದ ವಾರವೇ ಮಾಡಿಸಿ. ನಿಮ್ಮವರ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಅಲ್ಲಿನ ಹೆಲ್ತ್ ಕಮಿಷನ್‌ನಿಂದ ಬರಬೇಕು. ಅನುಭವ ಪತ್ರದಲ್ಲಿ ಯಾವ ವಾರ್ಡು, ವಾರಕ್ಕೆ ಎಷ್ಟು ಗಂಟೆ ಅಂತ ಇರಬೇಕು. "ಒಳ್ಳೆಯ ನಡತೆ" ಅಂತ ಒಂದು ಸಾಲು ಬರೆದ ಪತ್ರ ಯಾವ ಕೌನ್ಸಿಲ್‌ಗೂ ಸಾಲುವುದಿಲ್ಲ. ಈಗಿನ ನರ್ಸಿಂಗ್ ಮ್ಯಾನೇಜರ್ ಇರುವಾಗಲೇ ಸಹಿ ಹಾಕಿಸಿಕೊಳ್ಳಿ. ಅವರಿಗೂ ಎಕ್ಸಿಟ್ ಬರಬಹುದು.

ಕಟಪಾಡಿ_ದಮ್ಮಾಮ್
ನಿನ್ನೆ ರಾತ್ರಿ ಇದನ್ನೆಲ್ಲ ಮನೆಯವಳಿಗೆ ಓದಿ ಹೇಳಿದೆ. ಒಇಟಿ ಪುಸ್ತಕ ಅವಳ ಹತ್ತಿರ ಆಗಲೇ ಇದೆಯಂತೆ. ಜೊತೆಯ ಮಲಯಾಳಿ ನರ್ಸ್‌ಗಳೆಲ್ಲ ಓದುತ್ತಿದ್ದಾರೆ, ತಾನೂ ನೋಡುತ್ತಿದ್ದೇನೆ ಅಂದಳು. ನನಗೆ ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳಿದ್ದು ಯಾವಾಗ?" ಅಂದಳು. ಡಿಪೆಂಡೆಂಟ್ ಕಾಲಂನಲ್ಲಿ ನನ್ನ ಹೆಸರು ಬರೆಯಲು ಅವಳಿಗೆ ತಕರಾರಿಲ್ಲ. ಷರತ್ತು ಒಂದೇ. ನೈಟ್ ಡ್ಯೂಟಿ ವಾರದಲ್ಲಿ ಅಡುಗೆ ನನ್ನದು.

ಅಡಿಕೆ ಅಣ್ಣ, ಮಂಗಳೂರಲ್ಲಿ ಸಣ್ಣ ಅಂಗಡಿ ಅಂದಿರಲ್ಲ, ಯಾವ ಏರಿಯಾದಲ್ಲಿ ನೋಡಬಹುದು? ಖಾಸಗಿ ಸಂದೇಶ ಹಾಕುತ್ತೇನೆ.

ಉಳ್ಳಾಲದ_ಅಲೆ
ಮೇಷ್ಟ್ರೇ, ನನ್ನದು ಎನ್‌ಆರ್‌ಇ ಅಲ್ಲ. ಊರಿನ ಹಳೇ ಉಳಿತಾಯ ಖಾತೆಗೇ ಇಷ್ಟು ವರ್ಷ ದುಡ್ಡು ಕಳಿಸುತ್ತಿದ್ದೇನೆ. ತೊಂದರೆ ಇದೆಯಾ?

ಲೆಕ್ಕದ_ಮೇಷ್ಟ್ರು
ನಿಯಮದ ಪ್ರಕಾರ ಹೊರಗೆ ಕೆಲಸಕ್ಕೆ ಹೋದ ಮೇಲೆ ಅದನ್ನು ಎನ್‌ಆರ್‌ಒ (ಅನಿವಾಸಿಯ ಸಾಮಾನ್ಯ ಖಾತೆ) ಮಾಡಿಸಬೇಕಿತ್ತು. ಗಾಬರಿ ಬೇಡ, ಬಹಳ ಜನರದ್ದು ಹೀಗೇ ಇದೆ. ಮುಂದಿನ ರಜೆಗೆ ಬಂದಾಗ ಪಾಸ್‌ಪೋರ್ಟ್, ಇಖಾಮಾ (ಸೌದಿಯ ವಾಸದ ಪರವಾನಗಿ) ಹಿಡಿದುಕೊಂಡು ಬ್ಯಾಂಕಿಗೆ ಹೋಗಿ. ಹಳೆಯದನ್ನು ಎನ್‌ಆರ್‌ಒ ಮಾಡಿಸಿ, ಹೊಸದಾಗಿ ಎನ್‌ಆರ್‌ಇ ತೆರೆಯಿರಿ. ಇನ್ನು ಮುಂದೆ ಕಳಿಸುವುದು ಅದಕ್ಕೇ ಹೋಗಲಿ. ರಜೆ ಯಾವಾಗ?